ನೋಯದ ಹುಣ್ಣು

ಲೈಂಗಿಕ ರೋಗಗಳಿಗೆ ‘ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ’ ಎನ್ನುವ ಕರಪತ್ರಗಳಿಗೆ ನಮ್ಮಲ್ಲಿ ಬಲು ಮರ್ಯಾದೆ. ಮಡಿವಂತಿಕೆ ಮುರಿದವು ಎಂದು ಹೊಗಳುವವರೇ ಹೆಚ್ಚು. ಲೈಂಗಿಕ ರೋಗಗಳಿಗೆಂದೇ ಇರುವ ಸರ್ಕಾರಿ ಸುರಕ್ಷಾ ಕ್ಲಿನಿಕ್ಕಿನ ದಾರಿ ತೋರಿಸಿದ್ದು ಒಳ್ಳೆಯದೇ. ನನ್ನ ಹೊಗಳಿಕೆ ಅಲ್ಲಿಗೆ ಮುಗಿಯಿತು.

ಅವುಗಳದ್ದೊಂದು ಕಾಯಂ ವಾಕ್ಯ: ‘ಗುಪ್ತಾಂಗದಲ್ಲಿ ಹುಣ್ಣು ಕಂಡರೆ ವೈದ್ಯರ ಬಳಿ ಹೋಗಿ.’ ಗುಪ್ತ ಅಂತ ಮುಚ್ಚಿಟ್ಟು ಅದನ್ನೇ ನೋಡು ಅನ್ನುವುದು ತಮಾಷೆ, ಇರಲಿ. ನನ್ನ ತಕರಾರು ‘ಹುಣ್ಣು’ ಪದದ ಮೇಲೆ. ನಮ್ಮ ತುಮಕೂರು ಕಡೆ ಹುಣ್ಣು ಅಂದರೆ ಕೀವು, ಉರಿ, ಬಟ್ಟೆ ತಾಗಿದರೂ ಜೀವ ಹೋಗುವ ನೋವು. ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದೇ ಇಲ್ಲ. ಸೋಂಕು ತಗುಲಿದ ಸುಮಾರು ಮೂರು ವಾರಕ್ಕೆ ಏಳುತ್ತದೆ, ಅಂಚು ಗಟ್ಟಿ. ಮದ್ದು ಮಾಡದಿದ್ದರೂ 3ರಿಂದ 6 ವಾರದಲ್ಲಿ ತಾನೇ ಒಣಗುತ್ತದೆ. ರೋಗ ಒಳಗೇ ಉಳಿಯುತ್ತದೆ. ಕರಪತ್ರ ಓದಿದವನು ‘ನೋವಿಲ್ಲ, ಅಂದಮೇಲೆ ಇದು ಅದಲ್ಲ’ ಅಂದುಕೊಳ್ಳುತ್ತಾನೆ. ಒಣಗಿಸಿದ ಕೀರ್ತಿ ಮೆಡಿಕಲ್ ಸ್ಟೋರಿನ ಮುಲಾಮಿಗೆ. ‘ನೋಯದ ಹುಣ್ಣು’ ಎಂದು ಬರೆಯಲು ಎಷ್ಟು ಶಾಯಿ ಬೇಕಿತ್ತು?

ಇನ್ನು ‘ಕಂಡರೆ’. ಹೆಂಗಸರಿಗೆ ಆ ಹುಣ್ಣು ಗರ್ಭಕೋಶದ ಬಾಯಿಯ ಮೇಲೆ ಎದ್ದರೆ ಕಾಣುವುದು ಹೇಗೆ? ಕ್ಲಮೀಡಿಯಾ ಎಂಬ ಇನ್ನೊಂದು ಲೈಂಗಿಕ ಸೋಂಕು ಬಹುಪಾಲು ಹೆಂಗಸರಲ್ಲಿ ಲಕ್ಷಣವನ್ನೇ ತೋರಿಸುವುದಿಲ್ಲ. ಶೆಟ್ಟಿಹಳ್ಳಿಯ ಬಾಡಿಗೆ ವಠಾರದ ಬಚ್ಚಲು ನೆನಪಿಸಿಕೊಳ್ಳಿ: ಜೀರೊ ಬಲ್ಬು, ಹೊರಗೆ ಬಕೆಟ್ ಹಿಡಿದು ಕಾಯುವ ಓರಗಿತ್ತಿ, ಮನೆಗಿರುವ ಒಂದೇ ಕನ್ನಡಿ ಹಾಲಿನ ಗೋಡೆಗೆ ಮೊಳೆ ಹೊಡೆದದ್ದು. ಬಿಳಿ ಹೋದರೆ ‘ಉಷ್ಣ’ ಎಂದು ಬಾರ್ಲಿ ನೀರು ಕುಡಿಯುವ ಆಕೆಗೆ ಈ ಉಪದೇಶ ಯಾವ ಮನೆಯದು?

ಜನಕ್ಕೆ ಓದು ಬಾರದು, ಚಿತ್ರ ಹೆಚ್ಚಿಸಿ ಅನ್ನುವ ವಿಮರ್ಶಕರಿದ್ದಾರೆ. ಓದು ಬಾರದ ಜನ ಬಸ್‌ಸ್ಟ್ಯಾಂಡ್ ಗೋಡೆಯ ‘ಗುಪ್ತರೋಗ ಶರ್ತಿಯಾ ಗುಣ’ ಜಾಹೀರಾತಿನ ವೈದ್ಯನನ್ನು ಹುಡುಕಿಕೊಂಡು ಲಾಡ್ಜಿಗೆ ಹೋಗುವುದು ಹೇಗೆ ಸ್ವಾಮಿ? ಆ ನಕಲಿ ವೈದ್ಯನ ಕನ್ನಡ ಜನಕ್ಕೆ ಅರ್ಥವಾಗುತ್ತದೆ, ಅದೇ ಹೊಟ್ಟೆಯುರಿ. ಇನ್ನು ಕೆಲವರು ಲಕ್ಷಣ ನೋಡಿ ಕೊಡುವ ಬಣ್ಣಬಣ್ಣದ ಔಷಧಿ ಕಿಟ್ಟುಗಳನ್ನು ಮುಂದಿಡುತ್ತಾರೆ. ಗಂಡಸರ ಸ್ರಾವಕ್ಕೆ ಬೂದು, ಹುಣ್ಣಿಗೆ ಬಿಳಿ, ಹೀಗೆ ಏಳು. ವ್ಯವಸ್ಥೆ ಜಾಣತನದ್ದೇ. ಆದರೆ ಲಕ್ಷಣವೇ ಇಲ್ಲದವಳಿಗೆ ಯಾವ ಬಣ್ಣ?

ಲಕ್ಷಣಕ್ಕೆ ಕಾಯದ ದಾರಿಯೂ ಒಂದಿದೆ. ತಾಯಿ ಕಾರ್ಡ್ ಮಾಡಿಸಿದ ಬಸುರಿಗೆ ಎಚ್‌ಐವಿ ಜೊತೆ ಸಿಫಿಲಿಸ್‌ಗೂ ರಕ್ತ ನೋಡಬೇಕೆಂಬ ನಿಯಮವಿದೆ. ಅಲ್ಲಿ ಕನ್ನಡಿ ಹಿಡಿ ಎನ್ನುವವರಿಲ್ಲ, ಎರಡು ಹನಿ ರಕ್ತ ಸಾಕು. ಗಂಡನಿಗೆ ಕರೆ ಹೋಗುವುದು ಅವಳದು ಪಾಸಿಟಿವ್ ಬಂದ ಮೇಲೆ. ಅಲ್ಲಿಯತನಕ ಅವನ ಪಾಲಿಗೆ ಕರಪತ್ರ.