ಸ್ಥಲನಿಯಾಮಕ
(ವಿಲ್‌ಫ್ರೆಡ್ ಥೆಸಿಜರನ ‘ಅರೇಬಿಯನ್ ಸ್ಯಾಂಡ್ಸ್’ ಎಂಬ ಗ್ರಂಥದ ವಿಮರ್ಶೆ)

ಫಲಸ್ವಾಮ್ಯವುಳ್ಳವನೇ ಅಧಿಕಾರಿ, ಅವನೇ ನಾಯಕ ಎಂಬುದು ಭಾರತೀಯ ನಾಟ್ಯಶಾಸ್ತ್ರಜ್ಞರ ಮತವಾಗಿದೆ. ನಾಟಕಕ್ಕೆ ಈ ಲಕ್ಷಣವು ಸುಲಭವಾಗಿ ಒಪ್ಪುವುದು. ಆದರೆ ದಾರಿಯನ್ನರಿಯದವನೊಬ್ಬನು ದಾರಿಬಲ್ಲವನ ಬೆನ್ನುಹಿಡಿದು ಮರುಭೂಮಿಯನ್ನು ದಾಟಿ, ಸ್ವದೇಶಕ್ಕೆ ಹಿಂದಿರುಗಿ, ಗ್ರಂಥವನ್ನು ಬರೆದು ಕೀರ್ತಿಯನ್ನು ಪಡೆದನೆಂದರೆ, ಅಲ್ಲಿ ಕಾರ್ಯವು ಒಬ್ಬನದು, ಫಲವು ಮತ್ತೊಬ್ಬನದು ಆಗುವುದು. ಇಂತಹ ಗ್ರಂಥಕ್ಕೆ ನಾಯಕನಾರು? ಪರದೇಶಪರ್ಯಟನೆಯ ಪುಸ್ತಕಗಳಲ್ಲಿ ನೂರಕ್ಕೆ ತೊಂಬತ್ತು ಈ ಪ್ರಶ್ನೆಯನ್ನೇ ಅರಿಯವು. ಮಾರ್ಗದರ್ಶಿಯು ಅಲ್ಲಿ ಒಂಟೆ, ನೀರಿನ ಚೀಲ, ಡೇರೆ ಇವುಗಳ ಸಾಲಿನಲ್ಲಿ ಒಂದು ಸಾಮಗ್ರಿಯಾಗಿ ಉಳಿಯುವನು. ೧೯೫೯ರಲ್ಲಿ ಪ್ರಕಟವಾದ ಥೆಸಿಜರನ ಗ್ರಂಥವು ಈ ಪ್ರಶ್ನೆಯನ್ನು ಅರಿತ ಅಲ್ಪಸಂಖ್ಯೆಯ ಗ್ರಂಥಗಳಲ್ಲೊಂದು. ಅರಿತೂ ಕೊನೆಯವರೆಗೆ ಅದನ್ನು ನಿರ್ವಹಿಸಲಾರದೆ ಹೋದುದೂ ಹೌದು. ಇವೆರಡನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ದಕ್ಷಿಣ ಅರೇಬಿಯದ ‘ರುಬ್ ಅಲ್ ಖಾಲೀ’ ಎಂಬ ಮರಳುಗಾಡು ಸುಮಾರು ೬,೫೦,೦೦೦ ಚದರ ಕಿಲೋಮೀಟರುಗಳ ವಿಸ್ತಾರವುಳ್ಳದ್ದು. ಹೆಸರಿಗೆ ‘ಬರಿದಾದ ಕಾಲುಭಾಗ’ವೆಂದು ಅರ್ಥ, ಕನ್ನಡಿಗರು ದಿನವೂ ಆಡುವ ‘ಖಾಲಿ’ ಎಂಬ ಮಾತು ಇದೇ ಅರಬ್ಬೀ ಶಬ್ದವೆಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು. ಅಲ್ಲಿಯ ಮರಳುಗುಡ್ಡಗಳು ಕೆಲವೆಡೆ ೨೫೦ ಮೀಟರುಗಳ ಎತ್ತರಕ್ಕೆ ಏಳುವುವು. ಐರೋಪ್ಯರಲ್ಲಿ ಇದನ್ನು ಮೊದಲು ದಾಟಿದವನು ಬರ್ಟ್ರಮ್ ಥಾಮಸನು; ೧೯೩೦ರ ಡಿಸೆಂಬರಿನಿಂದ ೧೯೩೧ರ ಫೆಬ್ರವರಿಯವರೆಗೆ ಸಲಾಲದಿಂದ ದೋಹಾಕ್ಕೆ. ಮರುವರ್ಷ ಫಿಲ್ಬಿಯು ದಾಟಿದನು. ಥೆಸಿಜರನು ಮೂರನೆಯವನು. ಇವನು ೧೯೧೦ರಲ್ಲಿ ಇಥಿಯೋಪಿಯದ ಅಡಿಸ್ ಅಬಾಬದಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ, ಮಿಡತೆಗಳ ಉತ್ಪತ್ತಿಸ್ಥಾನವನ್ನು ಹುಡುಕುವ ಇಲಾಖೆಯ ನೌಕರಿಯನ್ನು ಹಿಡಿದು ೧೯೪೫ರಲ್ಲಿ ಅರೇಬಿಯಕ್ಕೆ ಬಂದನು. ಮಿಡತೆಯು ನೆಪ, ಮರಳೇ ಗುರಿ ಎಂಬುದನ್ನು ಅವನು ಮುಚ್ಚಿಟ್ಟಿಲ್ಲ.

ಮರುಪಥದ ಮಾರ್ಗದರ್ಶಿಯ ಚಿತ್ರವು ಭಾರತೀಯ ವಾಙ್ಮಯಕ್ಕೆ ಹೊಸದಲ್ಲ. ಪಾಳಿಯ ‘ವಣ್ಣುಪಥ ಜಾತಕ’ದಲ್ಲಿ ಅರುವತ್ತು ಯೋಜನಗಳ ಒಂದು ಕಾಂತಾರವಿದೆ. ಮುಷ್ಟಿಯಲ್ಲಿ ಹಿಡಿದರೂ ನಿಲ್ಲದಷ್ಟು ನುಣುಪಾದ ಮರಳು. ಹಗಲಿನಲ್ಲಿ ಕೆಂಡದಂತೆ ಸುಡುವುದರಿಂದ ಸಾರ್ಥವಾಹರು ರಾತ್ರಿಯಲ್ಲಿಯೇ ನಡೆಯುವರು. ಮುಂದಣ ಗಾಡಿಯಲ್ಲಿ ಹಾಸಿಗೆಯನ್ನು ಹಾಸಿ ಅದರ ಮೇಲೆ ಕುಳಿತು, ನಕ್ಷತ್ರಗಳನ್ನು ನೋಡುತ್ತ ‘ಹೀಗೆ ಹೋಗಲಿ, ಹಾಗೆ ಹೋಗಲಿ’ ಎಂದು ಆಜ್ಞಾಪಿಸುವವನು ಸ್ಥಲನಿಯಾಮಕ. ನೆಲದ ನಾವಿಕನೆಂದೇ ಹೇಳಬೇಕು. ಐವತ್ತೊಂಬತ್ತು ಯೋಜನಗಳು ಕಳೆದು, ಇನ್ನೊಂದು ರಾತ್ರಿಯ ದಾರಿ ಉಳಿಯಿತು. ಇನ್ನೇನೆಂದು ಕಟ್ಟಿಗೆಯನ್ನೂ ನೀರನ್ನೂ ಚೆಲ್ಲಿದರು. ಬಹುದಿನಗಳ ನಿದ್ರೆಗೆಟ್ಟ ನಿಯಾಮಕನು ಆ ರಾತ್ರಿ ಕಣ್ಣುಮುಚ್ಚಿದನು. ಎತ್ತುಗಳು ತಿರುಗಿದುದು ಯಾರಿಗೂ ತಿಳಿಯಲಿಲ್ಲ; ಬೆಳಗಾದಾಗ ಹಿಂದಿನ ದಿನ ಬಿಟ್ಟ ಬೀಡಿನಲ್ಲಿಯೇ ನಿಂತಿದ್ದರು. ಮುಂದೆ ಸಾರ್ಥದ ಒಡೆಯನು ಹುಲ್ಲಿನ ಗಂಟೊಂದನ್ನು ಕಂಡು, ಬಾವಿಯನ್ನು ತೋಡಿಸಿ, ಎಲ್ಲರನ್ನೂ ಉಳಿಸಿದುದು ಕಥೆ. ಅಲ್ಲಿ ಫಲಸ್ವಾಮ್ಯವು ಒಡೆಯನಿಗೆ. ಐವತ್ತೊಂಬತ್ತು ಯೋಜನಗಳನ್ನು ದಾಟಿಸಿದವನು ಒಂದು ನಿದ್ರೆಯ ಅಪರಾಧಿಯಾಗಿ ಮಾತ್ರ ಉಳಿದನು. ಕಥೆಯು ಅವನಿಗೆ ಒಂದು ಹೆಸರನ್ನೂ ಇಡಲಿಲ್ಲ.

ಥೆಸಿಜರನ ಮೊದಲ ಗೆಲುವು ಇಲ್ಲಿದೆ: ಅವನ ನಿಯಾಮಕನಿಗೆ ಹೆಸರುಂಟು. ಮುಹಮ್ಮದ್ ಅಲ್ ಔಫ್, ರಾಶಿದ್ ಪಂಗಡದವನು. ೧೯೪೬ರ ಶರತ್ಕಾಲದಲ್ಲಿ ಸಲಾಲದಿಂದ ಹೊರಟ ತಂಡವು ದೊಡ್ಡದಾಗಿತ್ತು. ಮುಘ್ಶಿನ್ ಎಂಬಲ್ಲಿ ರಾಶಿದರಲ್ಲೊಬ್ಬನು ಒಂಟೆಯಿಂದ ಬಿದ್ದು ಕಾಲು ಮುರಿದುಕೊಂಡನು. ಅವನನ್ನು ಶತ್ರುಗಳಿಂದ ಕಾಯುವುದಕ್ಕಾಗಿ ಅವನ ಬಾಂಧವರು ಅಲ್ಲಿಯೇ ಉಳಿಯಬೇಕಾಯಿತು. ಮುಂದೆ ಬೈತ್ ಕಥೀರ್ ಪಂಗಡದವರು, ಒಂಟೆಗಳು ಸಾಯುವುವೆಂದು ಹೇಳಿ ಹಿಂದಿರುಗಿದರು. ಗ್ರಂಥಕರ್ತನೊಡನೆ ಉಳಿದವರು ನಾಲ್ವರೇ: ಅಲ್ ಔಫ್, ಹದಿಹರೆಯದ ಬಿನ್ ಕಬೀನ, ಮುಸಲ್ಲಿಮ್ ಬಿನ್ ತಫ್ಲ್, ಮಬ್ಖೌತ್. ಅವರಲ್ಲಿ ಆ ಮರಳನ್ನು ಹಿಂದೆ ದಾಟಿದ್ದವನು ಅಲ್ ಔಫನೊಬ್ಬನೇ, ಅದೂ ಒಂಟಿಯಾಗಿ.

‘ಉರೂಕ್ ಅಲ್ ಶೈಬ’ ಎಂಬ ಮರಳುಗುಡ್ಡಗಳನ್ನು ದಾಟುವ ಭಾಗವು ಗ್ರಂಥದ ಹೃದಯ. ಗೋಡೆಯಂತೆ ನಿಂತ ಮರಳನ್ನು ಕಂಡು ಗ್ರಂಥಕರ್ತನಿಗೆ ಎದೆಯೊಡೆಯುವುದು. ಹಸಿದ ಒಂಟೆಗಳು ಇದನ್ನು ಏರಲಾರವೆಂದು ಅವನಿಗೆ ನಿಶ್ಚಯವಾಗುವುದು. ಅಲ್ ಔಫನು ಮಾತನಾಡದೆ ಒಬ್ಬನೇ ಮುಂದೆ ಹೋಗಿ ದಾರಿಯನ್ನು ಹುಡುಕುವನು, ಹಿಂದಿರುಗಿ ಬಂದು ಒಂಟೆಗಳನ್ನು ನಡೆಸುವನು. ಬರಿಗಾಲಿನಲ್ಲಿ ಮರಳನ್ನು ತುಳಿದು, ಎಲ್ಲಿ ಗಟ್ಟಿ, ಎಲ್ಲಿ ಸಡಿಲ, ಗಾಳಿಯು ಯಾವ ಮಗ್ಗುಲನ್ನು ಇಳಿಜಾರು ಮಾಡಿದೆ, ಯಾವ ಮಗ್ಗುಲನ್ನು ಕಡಿದಿದೆ ಎಂಬುದನ್ನು ಅವನು ಓದುವನು. ಒಂದು ಸಾಲನ್ನು ದಾಟಿ, ಕಷ್ಟವು ಮುಗಿಯಿತೆಂದು ಗ್ರಂಥಕರ್ತನು ನೆಮ್ಮದಿಗೊಂಡಾಗ, ಅದಕ್ಕಿಂತ ಕಠಿನವಾದುದು ನಾಳೆ ಬರುವುದೆಂಬ ಸಂಗತಿಯು ಮಾರ್ಗದರ್ಶಿಯ ಬಾಯಿಂದ ತಿಳಿದುಬರುವುದು. ಈ ಪ್ರಸಂಗವು ಹಾಸ್ಯಕ್ಕೂ ಭಯಕ್ಕೂ ನಡುವಣ ಒಂದು ಸೂಕ್ಷ್ಮಸ್ಥಾನದಲ್ಲಿ ನಿಂತಿದೆ. ಬರೆದವನು ತನ್ನ ಅಜ್ಞಾನವನ್ನೇ ಕಥೆಯ ಉಪಕರಣವಾಗಿ ಮಾಡಿಕೊಂಡಿರುವನು. ವಾಚಕನು ಅವನ ಕಣ್ಣಿನಿಂದಲೇ ನೋಡುವುದರಿಂದ, ಅಲ್ ಔಫನ ಪ್ರತಿಯೊಂದು ಹೆಜ್ಜೆಯೂ ಆಶ್ಚರ್ಯವಾಗಿ ತೋರುವುದು. ಸರ್ವಜ್ಞನಂತೆ ಬರೆದಿದ್ದರೆ ಈ ರಸವು ಬರುತ್ತಿರಲಿಲ್ಲ.

ದಂಡಿಯು ಸ್ವಭಾವೋಕ್ತಿಯನ್ನು ಅಲಂಕಾರಗಳಲ್ಲಿ ಮೊದಲನೆಯದಾಗಿ ಎಣಿಸಿದನು. ಭಾಮಹನಿಗೆ ಅದರಲ್ಲಿ ಅಷ್ಟು ಆದರವಿರಲಿಲ್ಲ. ಈ ವಿವಾದದಲ್ಲಿ ದಂಡಿಯ ಪಕ್ಷಕ್ಕೆ ಸಾಕ್ಷಿ ಬೇಕಾದವರು ಈ ಗ್ರಂಥದ ಹೆಜ್ಜೆಗುರುತಿನ ಪ್ರಸಂಗವನ್ನು ನೋಡಬಹುದು. ಗಾಳಿಯು ಅಳಿಸಿಬಿಟ್ಟ ಕೆಲವು ಗುರುತುಗಳು ಮರಳಿನಲ್ಲಿವೆ. ಅವು ಒಂಟೆಯವೋ ಅಲ್ಲವೋ ಎಂಬುದೇ ಗ್ರಂಥಕರ್ತನಿಗೆ ಸಂದೇಹ. ನರೆತ ಗಡ್ಡದ ಒಬ್ಬನು ಇಳಿದು, ಗುರುತನ್ನು ಸ್ವಲ್ಪದೂರ ಅನುಸರಿಸಿ, ಒಂಟೆಯ ಹಿಕ್ಕೆಯನ್ನು ಬೆರಳಿನಲ್ಲಿ ಮುರಿದು ನೋಡಿ ಬಂದು ಹೇಳುವನು: ಅವಾಮಿರ್ ಪಂಗಡದವರು, ಆರು ಮಂದಿ, ದಕ್ಷಿಣತೀರದಲ್ಲಿ ಜುನೂಬರ ಮೇಲೆ ಬಿದ್ದು ಮೂರು ಒಂಟೆಗಳನ್ನು ಹೊಡೆದುಕೊಂಡು ಬಂದವರು, ಮುಘ್ಶಿನ್ನಿನಲ್ಲಿ ನೀರು ಕುಡಿಸಿದರು, ಇಲ್ಲಿ ಹಾದುಹೋಗಿ ಹತ್ತು ದಿನಗಳಾದುವು. ಮುಂದೆ ಬೇರೆ ಅರಬರನ್ನು ಕಂಡಾಗ ಇದೆಲ್ಲವೂ ನಿಜವೆಂದು ತಿಳಿದುಬಂದಿತು. ಇಲ್ಲಿ ಉಪಮೆಯಿಲ್ಲ, ಉತ್ಪ್ರೇಕ್ಷೆಯಿಲ್ಲ. ವಸ್ತುವನ್ನು ಇದ್ದಂತೆ ಹೇಳಿದುದೇ ಸೊಗಸು. ವಿದ್ಯಾವಂತನೆಂಬ ಶಬ್ದದ ಅರ್ಥವನ್ನು ಈ ಒಂದು ಪುಟವು ಅಲುಗಿಸುವಷ್ಟು ಅನೇಕ ದೊಡ್ಡ ಉಪನ್ಯಾಸಗಳು ಅಲುಗಿಸಲಾರವು.

ಮೊಲದ ಪ್ರಸಂಗವನ್ನೂ ಹೇಳಬೇಕು. ಬಹುದಿನಗಳಿಂದ ಮಾಂಸವನ್ನು ಕಾಣದೆ, ಹಿಟ್ಟನ್ನೂ ಅಳೆದು ತಿನ್ನುತ್ತಿದ್ದವರಿಗೆ ಒಂದು ಮೊಲವು ಸಿಕ್ಕಿತು. ಅದು ಬೇಯುವವರೆಗೆ ಕಾಯುವುದೇ ಅವರಿಗೆ ಒಂದು ವ್ರತವಾಯಿತು. ಉಣ್ಣುವ ಹೊತ್ತಿಗೆ ಮರಳಿನ ಮೇಲೆ ಮೂವರು ಅಪರಿಚಿತರು ಕಾಣಿಸಿದರು. ಜೊತೆಗಾರರು ಎದ್ದು ಸ್ವಾಗತಿಸಿ, ಮೊಲವನ್ನೂ ರೊಟ್ಟಿಯನ್ನೂ ಅತಿಥಿಗಳ ಮುಂದಿಟ್ಟು, ತಾವು ಒಂದು ತುಣುಕನ್ನೂ ಮುಟ್ಟದೆ ಉಪಚರಿಸಿದರು. ಗ್ರಂಥಕರ್ತನು ತಾನೂ ಹಾಗೆಯೇ ನಡೆದುಕೊಂಡನು. ಆದರೆ ಒಳಗೊಳಗೆ ಆ ಅತಿಥಿಗಳ ಮೇಲೆ ತನಗೆ ಹಗೆ ಹುಟ್ಟಿತೆಂಬುದನ್ನು ಮರೆಸಿಲ್ಲ. ರಂತಿದೇವನ ಉಪಾಖ್ಯಾನವನ್ನು ಕೇಳಿ ಬೆಳೆದವರಿಗೆ ಈ ದಾನವು ಅಪರಿಚಿತವಲ್ಲ. ರಂತಿದೇವನ ಪಕ್ಕದಲ್ಲಿ ಕುಳಿತು, ಹಲ್ಲುಕಚ್ಚಿಕೊಂಡು, ಕೊಡಬೇಕಾದುದನ್ನು ಕೊಟ್ಟ ಸಾಮಾನ್ಯನೊಬ್ಬನ ಮನಸ್ಸು ಮಾತ್ರ ಹೊಸದು. ದಾನವೀರವು ಇಲ್ಲಿ ಎದ್ದುಕಾಣುವುದಕ್ಕೆ ಕಾರಣವು ಆ ಹಗೆಯೇ.

೧೯೪೭-೪೮ರ ಎರಡನೆಯ ಯಾತ್ರೆಯು ಇಷ್ಟು ಸೊಗಸಾಗಿಲ್ಲ. ಹದ್ರಮೌತಿನ ಮನ್ವಖ್ ಬಾವಿಯಿಂದ ಹೊರಟು ಪಶ್ಚಿಮದ ಮರಳನ್ನು ದಾಟಿ ಸುಲೈಯಿಲ್ ಎಂಬ ಊರನ್ನು ಸೇರಿದರು. ರಾಜನಾದ ಇಬ್ನ್ ಸೌದನ ಅನುಮತಿಯಿಲ್ಲದೆ ಬಂದುದರಿಂದ ಸೆರೆಯಾಯಿತು. ಫಿಲ್ಬಿಯು ರಾಜನಲ್ಲಿ ಬೇಡಿಕೊಂಡುದರಿಂದ ಬಿಡುಗಡೆಯಾಯಿತು. ಅನಂತರ ಲೈಲ ಎಂಬ ಊರಿನಲ್ಲಿ ಪರಮತದವನನ್ನು ಕರೆತಂದರೆಂದು ಊರವರು ಅವನ ಜೊತೆಗಾರರನ್ನೇ ತಿರಸ್ಕರಿಸಿದರು. ಮಾರ್ಗದರ್ಶಿಯು ಎಷ್ಟು ಹಣಕ್ಕೂ ದೊರೆಯಲಿಲ್ಲ. ಆಗ ಗ್ರಂಥಕರ್ತನೇ ದಿಕ್ಸೂಚಿಯನ್ನೂ ಫಿಲ್ಬಿಯ ನಕ್ಷೆಯನ್ನೂ ಹಿಡಿದು ಜಬ್ರೀನಿನವರೆಗೆ ತಂಡವನ್ನು ನಡೆಸಿದನು. ಶಿಷ್ಯನು ಆಚಾರ್ಯನಾದನು! ಗ್ರಂಥದ ಪ್ರಶ್ನೆಯು ತಲೆಕೆಳಗಾಗಿ ನಿಂತ ಈ ಸಂಧಿಯಲ್ಲಿ ಬರೆಹಗಾರನು ಬಹಳವನ್ನು ಹೇಳಬಹುದಾಗಿತ್ತು. ಪರದೇಶಿಯ ಕೈಯಲ್ಲಿಯ ಕಾಗದವನ್ನು ನಂಬಿ, ನೀರಿಲ್ಲದ ನೆಲದಲ್ಲಿ ನಡೆದ ಬಿನ್ ಕಬೀನನಿಗೂ ಬಿನ್ ಘಬೈಶನಿಗೂ ಏನನ್ನಿಸಿತು? ಅದನ್ನು ಅರಸುವ ಕುತೂಹಲವು ಅಲ್ಲಿ ಸಾಲದು. ಅವಮಾನವನ್ನು ಸಹಿಸಿದವರು ಅವರು. ಕೆರಳಿದ ಲೇಖನಿಯು ಮಾತ್ರ ಅವನದು.

ದೋಷವನ್ನು ಹೇಳದಿದ್ದರೆ ವಿಮರ್ಶೆಯು ಸ್ತೋತ್ರವಾದೀತು. ಗ್ರಂಥದ ಉದ್ದಕ್ಕೂ ಒಂದು ಶೋಕಸ್ವರವಿದೆ: ತೈಲವು ಬಂದಿತು, ಮೋಟಾರು ಬಂದಿತು, ಬದುವೀ ಜನರ ಬಾಳು ಹಾಳಾಯಿತು ಎಂದು. ಕರುಣವು ರಸವೇ ಸರಿ. ಆದರೆ ಅದಕ್ಕೆ ಆಲಂಬನವು ಯೋಗ್ಯವಾಗಿರಬೇಕು. ಮಹಾಭಾರತದ ಆಶ್ವಮೇಧಿಕಪರ್ವದಲ್ಲಿ ಉತ್ತಂಕನ ಕಥೆಯಿದೆ. ಮರುಭೂಮಿಯಲ್ಲಿ ಬಾಯಾರಿದ ಋಷಿಗೆ, ಕೃಷ್ಣನು ಕೊಟ್ಟ ವರದಂತೆ, ನೀರು ಬಂದಿತು; ಆದರೆ ಮೈಯೆಲ್ಲ ಕೆಸರಾಗಿ, ನಾಯಿಗಳಿಂದ ಸುತ್ತುವರಿದ ಚಂಡಾಲನೊಬ್ಬನು ಅದನ್ನು ತಂದಿದ್ದನು. ಉತ್ತಂಕನು ಹೇಸಿ ನಿರಾಕರಿಸಿದನು. ಬಂದವನು ಇಂದ್ರ, ತಂದುದು ಅಮೃತವೆಂದು ಆಮೇಲೆ ತಿಳಿಯಿತು. ಥೆಸಿಜರನು ತನ್ನ ಮಟ್ಟಿಗೆ ಉತ್ತಂಕನಲ್ಲ. ನಾರುವ ತೊಗಲಿನ ಚೀಲದ ಕಹಿನೀರನ್ನು ಯಾವ ಕೈ ಕೊಟ್ಟರೂ ಕುಡಿದವನು. ಬದುವೀಗಳು ಮಾತ್ರ ಉತ್ತಂಕರಾಗಬೇಕೆಂಬುದು ಅವನ ಆಸೆ! ನಲ್ಲಿಯ ನೀರು, ಔಷಧ, ಮಕ್ಕಳಿಗೆ ಶಾಲೆ ಇವುಗಳು ತೈಲಲಿಪ್ತವಾದ ಕೈಯಿಂದ ಬಂದುವೆಂಬ ಕಾರಣಕ್ಕೆ ಅವರು ಅವನ್ನು ಬೇಡವೆನ್ನಬೇಕಾಗಿತ್ತೇ? ಹಸಿವನ್ನು ವ್ರತವಾಗಿ ಆರಿಸಿಕೊಂಡವನಿಗೂ ಹಸಿವಿನಲ್ಲಿಯೇ ಹುಟ್ಟಿದವನಿಗೂ ಇರುವ ಅಂತರವು ಗ್ರಂಥಕರ್ತನಿಗೆ ತಿಳಿಯದುದೇನಲ್ಲ. ಅನೇಕ ಕಡೆ ಅವನೇ ಅದನ್ನು ಹೇಳಿರುವನು. ಹೇಳಿಯೂ ಶೋಕವನ್ನು ಬಿಡಲಾರನು. ೧೯೭೭ರಲ್ಲಿ ಅವನು ಮತ್ತೆ ಆ ದೇಶಕ್ಕೆ ಹೋಗಿ ಹಳೆಯ ಜೊತೆಗಾರರನ್ನು ಕಂಡನು. ಅಬುಧಾಬಿಯ ಹೊಸ ಕಟ್ಟಡಗಳು ಅವನಿಗೆ ದುಃಸ್ವಪ್ನವಾಗಿ ತೋರಿದುವು. ಜೊತೆಗಾರರು ಮೋಟಾರುಗಳಲ್ಲಿ ಅವನನ್ನು ಸ್ವಾಗತಿಸಿದುದು ಅವರ ಪತನವೆಂದು ತಿಳಿಯುವುದಕ್ಕೆ ಯಾವ ಆಧಾರವೂ ಇಲ್ಲ. ಔಚಿತ್ಯವೇ ರಸಕ್ಕೆ ಜೀವಿತವೆಂದ ಕ್ಷೇಮೇಂದ್ರನು ಈ ಭಾಗಕ್ಕೆ ತಲೆದೂಗುತ್ತಿರಲಿಲ್ಲ.

ಈಗ ಶೈಬದ ಮರಳಿನಲ್ಲಿ ೧೯೯೮ರಿಂದ ತೈಲವನ್ನು ಎತ್ತುತ್ತಿದ್ದಾರೆ. ೨೦೨೧ರಲ್ಲಿ ಒಮಾನಿನಿಂದ ಸೌದೀ ದೇಶಕ್ಕೆ ರುಬ್ ಅಲ್ ಖಾಲೀಯ ಮೂಲಕವೇ ರಾಜಮಾರ್ಗವು ತೆರೆಯಿತು. ಸಲಾಲದಿಂದ ಹೊರಟು ಎರಡು ಮೂರು ರಾತ್ರಿಗಳನ್ನು ಮರಳಿನಲ್ಲಿ ಕಳೆದು ಬರುವ ಪ್ರವಾಸಿಗಳು ಪ್ರತಿವರ್ಷವೂ ಉಂಟು. ಮಾರ್ಗದರ್ಶಿಯು ಮರಳಿನ ಅಂಚಿನಲ್ಲಿ ಗಾಡಿಯನ್ನು ನಿಲ್ಲಿಸಿ, ಚಕ್ರಗಳ ಗಾಳಿಯನ್ನು ಇಳಿಸಿ, ಇಳಿಜಾರನ್ನು ಕಣ್ಣಿನಲ್ಲಿಯೇ ಅಳೆದು ಮುಂದುವರಿಯುವನು. ಉಪಗ್ರಹದ ಯಂತ್ರವು ಸ್ಥಾನವನ್ನು ಹೇಳುವುದು. ನಾಲ್ಕು ಹೆಜ್ಜೆ ಮುಂದಿನ ಮರಳು ಗಟ್ಟಿಯೋ ಸಡಿಲವೋ ಎಂಬುದನ್ನು ಹೇಳದು. ಹೀಗೆ ಹೋಗಿಬಂದವರು ಬರೆಯುವ ವೃತ್ತಾಂತಗಳಲ್ಲಿ ಸೂರ್ಯಾಸ್ತವು ವಿಸ್ತಾರವಾಗಿರುವುದು, ನಕ್ಷತ್ರಗಳು ಇರುವುವು, ಆತ್ಮಶೋಧನೆಯೂ ಇರುವುದು. ಚಹವನ್ನು ಕಾಯಿಸಿದವನು ‘ನಮ್ಮ ಚಾಲಕ’. ವಣ್ಣುಪಥದ ನಿಯಾಮಕನಂತೆ ಅವನಿಗೂ ಹೆಸರಿಲ್ಲ.

ಥೆಸಿಜರನ ಗ್ರಂಥದ ಅರ್ಪಣಪತ್ರದಲ್ಲಿ ಎರಡು ಹೆಸರುಗಳಿವೆ: ಬಿನ್ ಕಬೀನ, ಬಿನ್ ಘಬೈಶ. ಮಾರ್ಗದರ್ಶಿಗಳಿಗೇ ಗ್ರಂಥವನ್ನು ಒಪ್ಪಿಸಿದುದು ದೊಡ್ಡ ಮನಸ್ಸು. ಸ್ನೇಹದ ದೃಷ್ಟಿಯಿಂದ ಆ ಆಯ್ಕೆಗೆ ಆಕ್ಷೇಪವಿಲ್ಲ. ಆದರೆ ಮೊದಲ ಯಾತ್ರೆಯಲ್ಲಿ, ಎಲ್ಲರೂ ಹಿಂದಿರುಗಿದ ಮೇಲೆ, ಶೈಬದ ಗೋಡೆಯ ಕೆಳಗೆ ಉಳಿದವರನ್ನು ನಿಲ್ಲಿಸಿ ತಾನೊಬ್ಬನೇ ಮರಳನ್ನು ಏರಿಹೋದವನ ಹೆಸರು ಆ ಪುಟದಲ್ಲಿಲ್ಲ.