ಬಿಳಿ ಬಟ್ಟೆಯ ಬಯಲು, ಮುರಕಲ್ಲಿನ ಗುಡ್ಡ

ಕರಾವಳಿಯ ಭೂದೃಶ್ಯ ಚಿತ್ರಗಳಲ್ಲಿ ಹಂಚಿನ ಮನೆ, ಬಾಗಿದ ತೆಂಗು, ನೇತ್ರಾವತಿಯಲ್ಲೊಂದು ದೋಣಿ ಮತ್ತೆ ಮತ್ತೆ ಬರುತ್ತವೆ. ಜಲವರ್ಣದ ಕೈಚಳಕ ಮೆಚ್ಚುವಂಥದ್ದೇ. ಆದರೆ 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಊರಿಗೆ ಕೆಂಪು ಹಂಚಿನ ಜೊತೆಗೇ ಹೊಗೆಯ ಚಿಮಣಿಯೂ ಬಂತು. ನಮ್ಮ ಕುಂಚ ಹಂಚನ್ನು ಇಟ್ಟುಕೊಂಡು ಚಿಮಣಿಯನ್ನು ಬಿಟ್ಟಿತು.

ಈ ಆಯ್ಕೆಯನ್ನು ಅಳೆಯಲು ಹದಿನೇಳನೆಯ ಶತಮಾನದ ಡಚ್ಚರು ಒಳ್ಳೆಯ ಮಾನದಂಡ. ಯಾಕೋಬ್ ವಾನ್ ರೌಸ್ದಾಲ್ 1670ರ ಆಸುಪಾಸಿನಲ್ಲಿ ಬಿಡಿಸಿದ ಹಾರ್ಲೆಮ್ ನೋಟದಲ್ಲಿ ಮೂರನೇ ಎರಡು ಭಾಗ ಬರೀ ಮೋಡ. ದಿಗಂತದಲ್ಲಿ ಸಂತ ಬಾವೋ ಚರ್ಚು. ಕೆಳಗೆ, ಬಿಸಿಲು ಬಿದ್ದ ಜಾಗದಲ್ಲೇ, ಬಿಳುಪಾಗಲೆಂದು ಹುಲ್ಲಿನ ಮೇಲೆ ಹರಡಿದ ನಾರುಬಟ್ಟೆಯ ಉದ್ದುದ್ದ ಪಟ್ಟಿಗಳು, ನಡುವೆ ಇರುವೆಯಷ್ಟು ಸಣ್ಣ ಕೆಲಸಗಾರರು. ಊರಿಗೆ ಹೆಸರು ತಂದ ಕಸುಬಿನ ಮೇಲೇ ಬೆಳಕು ಬಿದ್ದಿದೆ.

ಇದಕ್ಕೆ ಕಾರಣ ಚಿತ್ರಕಾರನ ಕಣ್ಣೊಂದೇ ಅಲ್ಲ. ಪ್ರಾಟೆಸ್ಟೆಂಟ್ ಚರ್ಚು ಚಿತ್ರಗಳನ್ನು ಹೊರಗಿಟ್ಟಿತ್ತು. ಕೊಳ್ಳುವವರು ವರ್ತಕರು, ಕುಶಲಕರ್ಮಿಗಳು. ಚಿತ್ರಗಳು ಸಂತೆಯಲ್ಲೂ ಮಾರಾಟವಾಗುತ್ತಿದ್ದವು. 1612ರಲ್ಲಿ ಬೀಮ್‌ಸ್ಟರ್ ಕೆರೆಯ ನೀರನ್ನು ಗಾಳಿಯಂತ್ರಗಳಿಂದ ಎತ್ತಿ ಹಾಕಿ ಹೊಲ ಮಾಡಿಕೊಂಡ ಜನ ಅವರು. ದುಡಿದು ಪಡೆದ ನೆಲವನ್ನು ಗೋಡೆಯ ಮೇಲೆ ನೋಡುವ ಹೆಮ್ಮೆ ಅವರದು.

ಹಾಗೆಂದು ಡಚ್ಚರ ಚಿತ್ರವೂ ಪೂರ್ತಿ ಸತ್ಯವಲ್ಲ. ಸ್ಥಳದಲ್ಲಿ ಗೀಚಿಕೊಂಡದ್ದನ್ನು ಮನೆಯಲ್ಲಿ ಕೂಡಿಸಿ, ಹೊಂದಿಸಿ ಕಟ್ಟಿದ ನೋಟ ಅದು. ಅದೇ ಕಾಲಕ್ಕೆ ಡಚ್ ಈಸ್ಟ್ ಇಂಡಿಯಾ ಕಂಪನಿ ನಮ್ಮ ಬಸರೂರಿನಿಂದ ಅಕ್ಕಿ ಸಾಗಿಸುತ್ತಿತ್ತು. 1621ರಲ್ಲಿ ಜಾಯಿಕಾಯಿಗಾಗಿ ಬಾಂದಾ ದ್ವೀಪದ ಜನರನ್ನು ಕೊಂದಿತ್ತು. ಆ ಶಾಂತ ಬಯಲುಗಳಲ್ಲಿ ಇದರ ನೆರಳೂ ಇಲ್ಲ. ಮನೆಯಂಗಳದ ದುಡಿಮೆ ಕಂಡ ಕಣ್ಣಿಗೆ ಕಡಲಾಚೆಯ ರಕ್ತ ಕಾಣಲಿಲ್ಲ.

ಇತ್ತ ನಮ್ಮಲ್ಲಿ, ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಾರ ಕೆ. ಕೆ. ಹೆಬ್ಬಾರರು (1911–1996) ದುಡಿಮೆಯನ್ನೂ ಹಸಿವನ್ನೂ ಚಿತ್ರಕ್ಕೆ ತಂದವರು. ಆ ದಾರಿ ನಮ್ಮ ಭೂದೃಶ್ಯಗಳಲ್ಲಿ ಹೆಚ್ಚು ಮುಂದುವರಿಯಲಿಲ್ಲ. ಮಂಗಳೂರಿನ ದೇರೆಬೈಲಿನಲ್ಲಿ ಇಂದು ಕಾಣುವುದು ಜೆಸಿಬಿ ಕಡಿದ ಮುರಕಲ್ಲಿನ ಗುಡ್ಡ, ಜರಿಯದಿರಲೆಂದು ಕಟ್ಟಿದ ತಡೆಗೋಡೆ, ಅದರ ಮೇಲೆ ಅಪಾರ್ಟ್‌ಮೆಂಟು, ಕೆಳಗೆ ಕಬ್ಬಿಣ ಬಗ್ಗಿಸುವ ಹೊರನಾಡಿನ ಕೂಲಿಗಳು. ಮೊದಲ ಮಳೆಗೆ ಅಲ್ಲಿಂದ ಇಳಿಯುವ ಕೆಂಪು ನೀರು ಯಾವ ಚಿತ್ರಕಾರನನ್ನಾದರೂ ಕಾಡಬೇಕಾದ ಬಣ್ಣ. ಆದರೂ ಇಲ್ಲಿನವರ ಪಡಸಾಲೆಗೆ ಬರುವುದು ಎಲ್ಲೋ ಇದ್ದಿರಬಹುದಾದ ಗದ್ದೆಯ ಚಿತ್ರ.

ತಪ್ಪು ಚಿತ್ರಕಾರರದ್ದಷ್ಟೇ ಅಲ್ಲ, ಕೊಳ್ಳುವ ನಮ್ಮದೂ ಹೌದು. ಡಚ್ ವರ್ತಕ ತನ್ನ ಊರಿನ ಕಸುಬಿಗೆ ದುಡ್ಡು ಕೊಟ್ಟ. ನಾವು ನೆನಪಿಗೆ ಕೊಡುತ್ತಿದ್ದೇವೆ. ಮುಂದಿನ ಪ್ರದರ್ಶನದಲ್ಲಿ ತಡೆಗೋಡೆಯ ಚಿತ್ರವೊಂದು ಕಂಡರೆ ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ, ಸಾಧ್ಯವಾದರೆ ಕೊಳ್ಳಿ.