ಯಾವ ಗಿಟಾರ್, ಯಾರ ಬ್ಲೂಸ್?

ಬ್ಲೂಸ್ ನುಡಿಸಲು ಫೆಂಡರ್ ಒಳ್ಳೆಯದೋ, ಗಿಬ್ಸನ್ ಒಳ್ಳೆಯದೋ ಎಂದು ನಮ್ಮ ಅಕ್ಕನ ಮಗ ಕೇಳಿದ. ಅವನು ಈಚೆಗಷ್ಟೇ ಗಿಟಾರ್ ಹಿಡಿದವನು. "ಅಗ್ಗದ ಗಿಟಾರಿನಲ್ಲಿ ಬ್ಲೂಸ್ ಬರೋದೇ ಇಲ್ಲವಂತೆ ಮಾಮೂ" ಎಂದೂ ಸೇರಿಸಿದ. ನಾವು ಗಿಟಾರ್ ನುಡಿಸುವವರಲ್ಲ, ಕೇಳುವವರು ಮಾತ್ರ. ಆದರೂ 'ಅಗ್ಗದ' ಎಂಬ ಆ ಮಾತು ನಮ್ಮನ್ನು ಕೊರೆಯತೊಡಗಿತು. ಅಗ್ಗದ ವಾದ್ಯಗಳಲ್ಲೇ ಕಣ್ಣುಬಿಟ್ಟ ಸಂಗೀತದ ಬಗ್ಗೆ ಈ ಮಾತು ಹೇಗೆ ಹುಟ್ಟಿಕೊಂಡಿತು?

ಅಮೆರಿಕದ ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರ ಮಕ್ಕಳು ಗೋಡೆಗೆ ಎರಡು ಮೊಳೆ ಹೊಡೆದು, ಪೊರಕೆಗೆ ಸುತ್ತಿದ್ದ ತಂತಿಯನ್ನು ಬಿಗಿದು, ಅದರ ಮೇಲೆ ಸೀಸೆ ಜಾರಿಸುತ್ತ ನಾದ ಕಲಿಯುತ್ತಿದ್ದರು. ಕೈಯಲ್ಲಿ ನಾಲ್ಕು ಕಾಸು ಸೇರಿದರೆ ಸಿಯರ್ಸ್ ಕಂಪನಿಯ ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ಗಿಟಾರ್ ತರಿಸಿಕೊಳ್ಳುವುದಿತ್ತು. ಮಡ್ಡಿ ವಾಟರ್ಸ್ 1943ರಲ್ಲಿ ಹೊಲ ಬಿಟ್ಟು ಶಿಕಾಗೋಗೆ ಬಂದರು. ಅಲ್ಲಿನ ಬಾರುಗಳ ಗದ್ದಲದಲ್ಲಿ ಮರದ ಗಿಟಾರಿನ ದನಿ ಪಕ್ಕದ ಮೇಜಿಗೂ ಕೇಳಿಸುತ್ತಿರಲಿಲ್ಲ. ವಿದ್ಯುತ್ ಗಿಟಾರ್ ಅವರ ಕೈಗೆ ಬಂದದ್ದು ಈ ಕಷ್ಟದಿಂದ. ಬ್ರ್ಯಾಂಡ್ ಆರಿಸುವ ಪುರಸೊತ್ತು ಯಾರಿಗಿತ್ತು? ಶಿಕಾಗೋದಲ್ಲೇ ತಯಾರಾಗುತ್ತಿದ್ದ ಕೇ, ಹಾರ್ಮನಿ ಕಂಪನಿಗಳ ಕಡಿಮೆ ಬೆಲೆಯ ಗಿಟಾರುಗಳೂ ಚಾಲ್ತಿಯಲ್ಲಿದ್ದವು.

ಹಾಗೆಂದು ಗಿಟಾರುಗಳಲ್ಲಿ ಭೇದವೇ ಇಲ್ಲ ಎಂದರೆ ಅದು ಹುಸಿ ಔದಾರ್ಯ. ಭೇದವಿದೆ, ಅದು ಕಿವಿಗೆ ಗೊತ್ತಾಗುತ್ತದೆ. ತಂತಿಗಳ ಕೆಳಗೆ ಅಯಸ್ಕಾಂತಕ್ಕೆ ತೆಳು ತಾಮ್ರದ ತಂತಿ ಸುತ್ತಿದ ಪಿಕಪ್ ಇರುತ್ತದೆ. ಗಿಟಾರಿನ ತಂತಿಯ ಕಂಪನವನ್ನು ವಿದ್ಯುತ್ತಾಗಿ ಬದಲಿಸುವುದು ಅದೇ. ಫೆಂಡರ್ ಕಂಪನಿಯ ಟೆಲಿಕಾಸ್ಟರ್‌ನಲ್ಲೂ 1954ರಲ್ಲಿ ಬಂದ ಸ್ಟ್ರಾಟೊಕಾಸ್ಟರ್‌ನಲ್ಲೂ ಪಿಕಪ್ಪಿಗೆ ಒಂದೇ ಸುರುಳಿ. ನಾದ ತೆಳ್ಳಗೆ, ಮೊನಚಾಗಿ ಬರುತ್ತದೆ, ಜೊತೆಗೆ ಒಂದಿಷ್ಟು ಗುಂಯ್‌ಗುಡುವಿಕೆಯೂ ಇರುತ್ತದೆ. ಗಿಬ್ಸನ್ 1957ರಿಂದ ಬಳಸತೊಡಗಿದ ಹಂಬಕರ್ ಪಿಕಪ್‌ನಲ್ಲಿ ಎರಡು ಸುರುಳಿಗಳು ಒಂದರ ಗುಂಯ್‌ಗುಡುವಿಕೆಯನ್ನು ಇನ್ನೊಂದು ಅಳಿಸುವಂತೆ ಕೂತಿರುತ್ತವೆ. ಅದರ ನಾದ ದಪ್ಪ, ದುಂಡು. ಇನ್ನೊಂದು ಸಂಗತಿ ತಂತಿಯ ಉದ್ದ. ಫೆಂಡರ್‌ನಲ್ಲಿ ಇಪ್ಪತ್ತೈದೂವರೆ ಇಂಚು, ಗಿಬ್ಸನ್‌ನಲ್ಲಿ ಸುಮಾರು ಮುಕ್ಕಾಲು ಇಂಚು ಕಡಿಮೆ. ಗಿಡ್ಡ ತಂತಿಯಲ್ಲಿ ಬಿಗುವು ಕಡಿಮೆ, ಎಳೆಯುವುದು ಸುಲಭ. ಬ್ಲೂಸಿನ ಜೀವ ಇರುವುದೇ ತಂತಿಯನ್ನು ಪಕ್ಕಕ್ಕೆಳೆದು ಎರಡು ಸ್ವರಗಳ ನಡುವಿನ ಜಾಗ ಮುಟ್ಟುವುದರಲ್ಲಿ, ನಮ್ಮ ಮೀಂಡಿನ ಹಾಗೆ.

ಈ ಲೆಕ್ಕದಂತೆ ಗಿಬ್ಸನ್ ಗೆಲ್ಲಬೇಕು. ಆದರೆ ಬಡ್ಡಿ ಗೈ ಕೀರ್ತಿ ಪಡೆದದ್ದು ಸ್ಟ್ರಾಟೊಕಾಸ್ಟರ್‌ನಲ್ಲಿ. ಸ್ಟೀವಿ ರೇ ವಾನ್ ಅದೇ ಗಿಟಾರಿಗೆ ದಪ್ಪ ತಂತಿ ಕಟ್ಟಿ, ಶ್ರುತಿಯನ್ನು ಅರ್ಧ ಸ್ವರ ಇಳಿಸಿ ನುಡಿಸಿದರು. ಎಡಗೈಯ ಆಲ್ಬರ್ಟ್ ಕಿಂಗ್ ಅವರು ಗಿಬ್ಸನ್ನಿನ ಫ್ಲೈಯಿಂಗ್ ವಿ ಗಿಟಾರನ್ನು ತಂತಿ ಬದಲಿಸದೆ ತಿರುಗಿಸಿ ಹಿಡಿದು, ಬೇರೆಯವರು ಮೇಲಕ್ಕೆ ತಳ್ಳುವ ತಂತಿಯನ್ನು ಕೆಳಕ್ಕೆ ಎಳೆದರು.

ಬಿ.ಬಿ. ಕಿಂಗ್ ಅವರ ವಿಷಯದಲ್ಲಿ ನಾವು ಗಿಬ್ಸನ್ ಪಕ್ಷ. ಅವರು ಹಾಡುತ್ತ ನುಡಿಸುವವರಲ್ಲ. ಕಂಠ ಒಂದು ಮಾತು ಕೇಳಿ ಸುಮ್ಮನಾಗುತ್ತದೆ, ಗಿಟಾರ್ ಉತ್ತರ ಕೊಡುತ್ತದೆ. ಆ ಉತ್ತರಕ್ಕೆ ದುಂಡು ದನಿಯೇ ಬೇಕು. ಗಿಬ್ಸನ್ 1980ರಲ್ಲಿ ಅವರ 'ಲೂಸಿಲ್' ಹೆಸರಿನಲ್ಲೇ ಒಂದು ಗಿಟಾರ್ ಹೊರತಂದಿತು. ಆದರೆ ಆ ಹೆಸರಿನ ಮೂಲ 1949ರಲ್ಲಿ ಅರ್ಕನ್ಸಾದ ಟ್ವಿಸ್ಟ್ ಎಂಬ ಊರಿನ ಕುಣಿತದ ಮನೆಯಲ್ಲಿದೆ. ಲೂಸಿಲ್ ಎಂಬ ಹೆಣ್ಣಿಗಾಗಿ ಇಬ್ಬರು ಬಡಿದಾಡಿ ಸೀಮೆಎಣ್ಣೆಯ ಒಲೆ ಉರುಳಿಸಿ ಬೆಂಕಿ ಬಿತ್ತು. ಹೊರಗೆ ಓಡಿಬಂದಿದ್ದ ಕಿಂಗ್ ಮತ್ತೆ ಒಳನುಗ್ಗಿ ತಂದ ಗಿಟಾರ್ ಮೂವತ್ತು ಡಾಲರಿನದು.

ನಾವು ಹೆಚ್ಚು ಹೊತ್ತು ಕೇಳಿದ್ದು ಮಾತ್ರ ಹೌಂಡ್ ಡಾಗ್ ಟೇಲರ್ ಅವರನ್ನು. ಜಪಾನಿನ ಅಗ್ಗದ ಗಿಟಾರ್, ಅದರ ಮೇಲೆ ಜಾರುವ ಲೋಹದ ಕೊಳವೆ, ಇನ್ನೊಬ್ಬರ ಗಿಟಾರ್, ಒಂದು ಡ್ರಮ್, ಅಷ್ಟೇ. ಬೇಸ್ ಗಿಟಾರ್ ಕೂಡ ಇಲ್ಲ. ಆಂಪ್ಲಿಫೈಯರ್ ತಡೆಯಲಾರದಷ್ಟು ಒತ್ತಿದ್ದರಿಂದ ನಾದ ಸೀಳಿ ಗರಗರಗುಟ್ಟುತ್ತದೆ. ಬ್ರೂಸ್ ಇಗ್ಲವರ್ ಎಂಬ ತರುಣ ಇವರೊಬ್ಬರ ಹಾಡು ಹೊರತರಲೆಂದೇ 1971ರಲ್ಲಿ ಅಲಿಗೇಟರ್ ರೆಕಾರ್ಡ್ಸ್ ಶುರುಮಾಡಿದರು. ಈ ಕೈಗೆ ಬೆಲೆಬಾಳುವ ಗಿಬ್ಸನ್ ಕೊಟ್ಟಿದ್ದರೆ ಶನಿವಾರ ರಾತ್ರಿಯ ಆ ಕುಣಿತ ಸತ್ತೇಹೋಗುತ್ತಿತ್ತು ಎನ್ನುವುದು ನಮ್ಮ ಅನಿಸಿಕೆ. ಕಿಂಗ್ ಅವರಿಗೆ ಆ ಜಪಾನಿ ಗಿಟಾರ್ ಎಷ್ಟು ಒಗ್ಗದೋ, ಟೇಲರ್ ಅವರಿಗೆ ಲೂಸಿಲ್ ಅಷ್ಟೇ ಒಗ್ಗದು. ಇಬ್ಬರದೂ ಬ್ಲೂಸ್.

ಹಾಗಾದರೆ 'ಬ್ಲೂಸಿಗೆ ಇದೇ ತಕ್ಕದ್ದು' ಎಂಬ ತೀರ್ಪು ಬಂದದ್ದೆಲ್ಲಿಂದ? 1958ರಲ್ಲಿ ಮಡ್ಡಿ ವಾಟರ್ಸ್ ಇಂಗ್ಲೆಂಡಿಗೆ ಹೋದಾಗ, ಹಳ್ಳಿಯ ಹಾಡುಗಾರನನ್ನು ನಿರೀಕ್ಷಿಸಿದ್ದ ಕೆಲವರಿಗೆ ಅವರ ವಿದ್ಯುತ್ ಗಿಟಾರಿನ ಅಬ್ಬರವೇ ಸಹಿಸಲಾಗಲಿಲ್ಲ. ಎಂಟು ವರ್ಷಗಳ ನಂತರ ಅದೇ ಇಂಗ್ಲೆಂಡಿನಲ್ಲಿ ಎರಿಕ್ ಕ್ಲಾಪ್ಟನ್ ಗಿಬ್ಸನ್ ಲೆಸ್ ಪಾಲ್ ಗಿಟಾರನ್ನು ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ ಜಾನ್ ಮೇಯಲ್ ಅವರ ತಂಡದಲ್ಲಿ ನುಡಿಸಿದರು. ಸೊಗಸಾಗಿಯೇ ನುಡಿಸಿದರು, ಅದರಲ್ಲಿ ತಕರಾರಿಲ್ಲ. ಬ್ಲೂಸ್ ಗಿಟಾರ್ ಎಂದರೆ ಇದು ಎಂಬ ಮಾತು ಬೇರೂರಿತು. ಗಿಬ್ಸನ್ ಆಗಲೇ ನಿಲ್ಲಿಸಿಬಿಟ್ಟಿದ್ದ ಆ ಮಾದರಿಯನ್ನು 1968ರಲ್ಲಿ ಮತ್ತೆ ತಯಾರಿಸತೊಡಗಿತು. 1950ರ ದಶಕದ ಕೊನೆಯ ಲೆಸ್ ಪಾಲ್‌ಗಳು ಇಂದು ಲಕ್ಷಗಟ್ಟಲೆ ಡಾಲರಿಗೆ ಮಾರಾಟವಾಗುತ್ತವೆ. ಮೊದಲು ಕಪ್ಪು ಮನುಷ್ಯನಿಗೆ ನಿನ್ನ ಸಂಗೀತಕ್ಕೆ ವಿದ್ಯುತ್ ತಕ್ಕುದಲ್ಲ ಎಂದರು, ಆಮೇಲೆ ದುಬಾರಿ ವಿದ್ಯುತ್ತೇ ತಕ್ಕುದು ಎಂದರು. ಎರಡು ಸಲವೂ ಅವನನ್ನು ಕೇಳಿದವರಿಲ್ಲ.

ನಮ್ಮಲ್ಲೂ ಇದು ನಡೆದಿದೆ. ಮೀಂಡ್ ಬಾರದ ವಾದ್ಯವೆಂದು ಹಾರ್ಮೋನಿಯಂ ಅನ್ನು 1940ರಲ್ಲಿ ಆಕಾಶವಾಣಿಯಿಂದ ಹೊರಗಿಟ್ಟರು. ನಿರ್ಬಂಧ ಸಡಿಲವಾಗಲು 1971 ಬರಬೇಕಾಯಿತು. ಅಷ್ಟೂ ವರ್ಷ ಕವ್ವಾಲರು ಅದನ್ನೇ ಮುಂದಿಟ್ಟುಕೊಂಡು ಹಾಡಿದರು.

ಅಕ್ಕನ ಮಗನಿಗೆ ಟೇಲರ್ ಅವರ ಮೊದಲ ಧ್ವನಿಮುದ್ರಿಕೆ ಕೇಳಿಸಿದೆವು. ಎರಡನೇ ಹಾಡಿಗೇ ಅವನು ಎದ್ದು, "ನಿಮ್ಮ ಸ್ಪೀಕರ್ ಹರಿದಿದೆ ಮಾಮೂ" ಎಂದ. ಇಲ್ಲ ಕಣಪ್ಪ, ಅವರು ನುಡಿಸಿದ್ದೇ ಹಾಗೆ ಎಂದೆವು. ಅವನು ಮತ್ತೆ ಕೂತು, ಮೊದಲಿನಿಂದ ಹಾಕಿಸಿಕೊಂಡ.